ಮೃದಂಗದ ಶಾಲೆ, ಮ್ಯೂನಿಕ್‌ನ ಬಸ್ಸು

ತಂಡದಿಂದ ಒಬ್ಬ ಒಳ್ಳೆಯ ವಾದಕ ಹೊರಟುಹೋದರೆ ಏನಾಗುತ್ತದೆ ಎಂಬುದನ್ನು ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಮೆಂಟ್ ಕಾರ್ಖಾನೆಯ ಕಾಲೊನಿಯಲ್ಲಿ ಭಜನಾ ಮಂಡಳಿ ಕಟ್ಟಿದವರಿಗೆ ವರ್ಗವಾಗುತ್ತದೆ. ರೈಲ್ವೆಯಲ್ಲಿದ್ದ ಹಾರ್ಮೋನಿಯಂ ಮಾಸ್ತರರು ನಿವೃತ್ತರಾಗಿ ತಮ್ಮ ಊರು ಸೇರುತ್ತಾರೆ. ಕಲ್ಲಿನ ಗಣಿಯಲ್ಲಿ ಕೆಲಸ ಕಡಿಮೆಯಾದ ವರ್ಷ ತಮಟೆ, ಹಲಗೆ ಬಾರಿಸುವ ಹುಡುಗರು ಹೈದರಾಬಾದಿಗೋ ಪುಣೆಗೋ ಹೋಗಿಬಿಡುತ್ತಾರೆ. ವಾಡಿ ಜಂಕ್ಷನ್ನಿನಲ್ಲಿ ನಿಂತರೆ ಮುಂಬಯಿ, ಚೆನ್ನೈ, ಹೈದರಾಬಾದ್ ಮೂರೂ ದಿಕ್ಕಿಗೆ ರೈಲು ಸಿಗುತ್ತದೆ. ಊರು ಬಿಡುವುದು ಇಲ್ಲಿ ಅಷ್ಟು ಸುಲಭ. ಉಳಿದವರು ಏನು ಮಾಡಬೇಕು? "ತಬಲಾ ಬಾರ್ಸಾಂವ ಪುಣಾಕ್ಕ ಹೋಗ್ಯಾನ, ಕೀಬೋರ್ಡಿನಾಗ ದಾದರಾ ಹಚ್ಚಿಬಿಡ್ರಿ" ಎನ್ನುವ ಮಾತು ನಮ್ಮ ಕಡೆ ಈಗ ಮಾಮೂಲಿ. ಗುಂಡಿ ಒತ್ತಿದರೆ ದಾದರಾ ಬರುತ್ತದೆ, ಇನ್ನೊಂದು ಒತ್ತಿದರೆ ಕೆಹರವಾ. ಕಾರ್ಯಕ್ರಮ ನಿಲ್ಲುವುದಿಲ್ಲ. ಆದರೆ ತಂಡದ ನಾದ ಬದಲಾಗಿಬಿಟ್ಟಿರುತ್ತದೆ.

ಈ ಸ್ಮರಣ ಸಂಚಿಕೆಗೆ ಒಂದು ಸಂಗೀತ ಸಂಸ್ಥೆಯ ಚರಿತ್ರೆ ಬರೆಯಬೇಕೆಂದಾಗ ನಾನು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಅನ್ನು ಆರಿಸಿಕೊಂಡಿದ್ದಕ್ಕೆ ಇದೇ ಕಾರಣ. ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಬಾಯಿಯಲ್ಲಿ ಸೊಲ್ಲು ನುಡಿಯುವ ಕೊನ್ನಕ್ಕೋಲು ಕಲಿಸುವ ಆ ಶಾಲೆ, ಸದಸ್ಯರು ಬದಲಾದಾಗ ತಂಡವೊಂದು ಹೇಗೆ ಹೊಸ ನಾದ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಇರುವ ದೊಡ್ಡ ಉದಾಹರಣೆ. ಜರ್ಮನಿಯ ಎರಡು ಪ್ರಯೋಗಶೀಲ ತಂಡಗಳ ಕಥೆಯೂ ಇದರ ಜೊತೆ ಹೆಣೆದುಕೊಂಡಿದೆ. ಆ ತಂಡಗಳ ಹೆಸರು ಜಗತ್ತಿನ ರಾಕ್ ಚರಿತ್ರೆಯ ಪುಸ್ತಕಗಳಲ್ಲಿ ಇರುತ್ತದೆ. ಬೆಂಗಳೂರಿನ ಶಾಲೆಯ ಹೆಸರು ಅಲ್ಲಿ ಸಾಮಾನ್ಯವಾಗಿ 'ಅತಿಥಿ ವಾದಕರು' ಎಂಬ ಸಾಲಿನಲ್ಲಿ, ಕೆಸಿಪಿ ಎಂಬ ಮೂರಕ್ಷರವಾಗಿ ಕಾಣಿಸಿಕೊಳ್ಳುತ್ತದೆ. ಅದು ನ್ಯಾಯವಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕಾಲೇಜು ಆರಂಭವಾದದ್ದು 1964ರಲ್ಲಿ. ದಶಕಗಳ ಕಾಲ ಅದನ್ನು ಮುನ್ನಡೆಸಿದವರು ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ. ಅವರ ಪತ್ನಿ, ಕರ್ನಾಟಕ ಸಂಗೀತದ ಗಾಯಕಿ ಆರ್.ಎ. ರಮಾಮಣಿ ಸಂಸ್ಥೆಯ ಕಂಠವಾಗಿದ್ದರು. ಆರ್.ಎ. ರಾಜಗೋಪಾಲ್ ಘಟ ಮತ್ತು ಮೋರ್ಸಿಂಗ್ ನುಡಿಸುತ್ತಿದ್ದರು, ಟಿ.ಎನ್. ಶಶಿಕುಮಾರ್ ಖಂಜಿರ. ಕೊನ್ನಕ್ಕೋಲು ಇಬ್ಬರಿಗೂ ಬಾಯಿಪಾಠ. ಲಯವಾದ್ಯಗಳದೇ ಒಂದು ಮೇಳವನ್ನು ಮಣಿಯವರು ಕಟ್ಟಿದರು, ಅದರ ಹೆಸರು ತಾಳ ತರಂಗಿಣಿ. ಕಛೇರಿಯಲ್ಲಿ ಹಾಡುವವರ ಪಕ್ಕದಲ್ಲಿ ಕೂತು 'ತನಿ' ಬಂದಾಗ ಮಾತ್ರ ಮುಂದೆ ಬರುವ ವಾದ್ಯಗಳಿಗೆ ಇಡೀ ವೇದಿಕೆಯನ್ನೇ ಬಿಟ್ಟುಕೊಟ್ಟದ್ದು ಆ ಮೇಳದ ಹೆಚ್ಚುಗಾರಿಕೆ. ಪಕ್ಕವಾದ್ಯ ಎಂಬ ಮಾತಿನಲ್ಲೇ ಇರುವ ಅಂಚಿನ ಸ್ಥಾನವನ್ನು ಮಣಿಯವರು ಒಪ್ಪಿಕೊಳ್ಳಲಿಲ್ಲ. ಮುಂದೆ ವಿದೇಶದ ವಾದಕರ ಜೊತೆ ಸರಿಸಮನಾಗಿ ಕೂರಲು ಅವರಿಗೆ ಧೈರ್ಯ ಬಂದದ್ದೂ ಇಲ್ಲಿಂದಲೇ ಎಂದು ನನಗೆ ಅನಿಸುತ್ತದೆ. ಗಾಯಕನ ಅಡಿಯಾಳಾಗಿ ಬೆಳೆದ ಲಯ ಗಿಟಾರಿನ ಅಡಿಯಾಳೂ ಆಗುತ್ತಿತ್ತು.

ಶಾಲೆಯ ಪಾಠ ಹೇಗಿರುತ್ತದೆ ಎನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ. ವಿದ್ಯಾರ್ಥಿ ಮೊದಲು ವಾದ್ಯ ಮುಟ್ಟುವುದಕ್ಕಿಂತ ಬಾಯಿಯಲ್ಲಿ ಹೇಳುವುದೇ ಹೆಚ್ಚು. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕ ತಕಿಟ, ಏಳಕ್ಕೆ ತಕಿಟ ತಕಧಿಮಿ. ತಿಶ್ರ, ಚತುರಶ್ರ, ಖಂಡ, ಮಿಶ್ರ ಎಂದು ಇವುಗಳ ಹೆಸರು. ಒಂಬತ್ತಕ್ಕೆ ಸಂಕೀರ್ಣ. ಕೈಯಲ್ಲಿ ತಾಳ ನಡೆಯುತ್ತಿರಬೇಕು. ಆದಿತಾಳವಾದರೆ ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು, ಬೀಸು, ಪೆಟ್ಟು, ಬೀಸು: ಒಟ್ಟು 8 ಅಕ್ಷರ. ಪ್ರತಿ ಅಕ್ಷರಕ್ಕೆ ನಾಲ್ಕು ಮಾತ್ರೆ ಹಿಡಿದರೆ ಒಂದು ಆವರ್ತಕ್ಕೆ 32. ಈಗ ಮುಕ್ತಾಯ ಕಟ್ಟಬೇಕು. ತ-ದಿ-ಗಿ-ಣ-ತೊಂ ಎಂಬ ಐದು ಮಾತ್ರೆಯ ಸೊಲ್ಲನ್ನು ಮೂರು ಸಲ ಹೇಳಿ, ನಡುವೆ ಎರಡು ಕಡೆ ಒಂದೊಂದು ಮಾತ್ರೆ ಬಿಟ್ಟರೆ 17 ಆಯಿತು. ಹಾಗಾದರೆ 15 ಮಾತ್ರೆ ಕಳೆದ ಮೇಲೆ ಶುರುಮಾಡಬೇಕು. ಆಗ ಆವರ್ತ ಸರಿಯಾಗಿ ತುಂಬಿ, ಮುಂದಿನ ಪೆಟ್ಟಿಗೆ ಎಲ್ಲರೂ ಒಟ್ಟಿಗೆ ಬಂದು ಸಮ ಮುಟ್ಟುತ್ತಾರೆ. ಹದಿನೈದರ ನಂತರ ಎಂಬುದು ಅಕ್ಷರದ ಮೇಲೆ ಬೀಳುವುದಿಲ್ಲ, ನಾಲ್ಕನೆಯ ಅಕ್ಷರದ ಕೊನೆಯ ಕಾಲುಭಾಗದಲ್ಲಿ ಬೀಳುತ್ತದೆ. ಆ ಕೊಂಕು ಜಾಗದಲ್ಲಿ ಎತ್ತಿಕೊಂಡು ಸಮಕ್ಕೆ ನೇರವಾಗಿ ಇಳಿಯುವುದರಲ್ಲೇ ಸೊಗಸು.

ಇದೇನು ಬೆಂಗಳೂರು, ತಂಜಾವೂರಿನವರ ಲೆಕ್ಕ, ನಮ್ಮ ಕಡೆ ಹಿಂದೂಸ್ತಾನಿ, ತಬಲಾ, ತತ್ವಪದ ಎಂದು ಯಾರಾದರೂ ಹೇಳಬಹುದು. ಆದರೆ ಭಾಮಿನಿ ಷಟ್ಪದಿ ಓದಿದವರಿಗೆ ಮಿಶ್ರಗತಿ ಹೊಸದಲ್ಲ. ಮೂರು ನಾಲ್ಕು, ಮೂರು ನಾಲ್ಕು ಎಂದು ಸಾಗುವ ಆ ನಡಿಗೆಯೇ ತಕಿಟ ತಕಧಿಮಿ. ವಾರ್ಧಕ ಷಟ್ಪದಿಯ ಐದೈದು ಮಾತ್ರೆಯೇ ಖಂಡ. ಉತ್ಸಾಹ ರಗಳೆಯಲ್ಲಿ ಮೂರು, ಲಲಿತ ರಗಳೆಯಲ್ಲಿ ಐದು. ಈಗ ಸೇಡಂ ತಾಲ್ಲೂಕಿನಲ್ಲಿರುವ ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಿಂದ ಬಂದ 'ಕವಿರಾಜಮಾರ್ಗ' ಕನ್ನಡ ನಾಡಿನ ಜನ ಶಾಸ್ತ್ರ ಓದದೆಯೂ ಕಾವ್ಯದಲ್ಲಿ ನುರಿತವರು ಎಂದು ಅಭಿಮಾನದಿಂದ ಹೇಳಿತು. ಲಯದ ಮಟ್ಟಿಗೂ ಆ ಮಾತು ನಿಜ. ಚಿಂಚೋಳಿ ಕಡೆಯ ತತ್ವಪದದ ಮೇಳದಲ್ಲಿ ದಮ್ಮಡಿ ಹಿಡಿದ ಮುದುಕರಿಗೆ ಮಿಶ್ರ, ಖಂಡ ಎಂಬ ಹೆಸರು ಗೊತ್ತಿರಲಿಕ್ಕಿಲ್ಲ, ಆದರೆ ಕೈ ತಪ್ಪುವುದಿಲ್ಲ. ಮೊಹರಮ್ಮಿನ ಹೆಜ್ಜೆಕುಣಿತದ ಹಲಗೆಯೂ ಹಾಗೆಯೇ. ಅವರಲ್ಲಿ ಕೈಯಿಂದ ಕೈಗೆ ಬಂದದ್ದನ್ನು ಬೆಂಗಳೂರಿನ ಕಾಲೇಜು ಬಾಯಿಂದ ಬಾಯಿಗೆ, ತರಗತಿಯಲ್ಲಿ ಕೂರಿಸಿ, ಯಾರಿಗೆ ಬೇಕಾದರೂ ಕಲಿಸುವಂತೆ ಮಾಡಿತು. ಯಾರಿಗೆ ಬೇಕಾದರೂ ಎನ್ನುವುದನ್ನು ಒತ್ತಿ ಹೇಳುತ್ತೇನೆ. ಮನೆತನ ಕೇಳದೆ, ದೇಶ ಕೇಳದೆ ಕಲಿಸಿದ ಶಾಲೆ ಇದು.

ಹಾಗೆ ಬಂದವರಲ್ಲಿ ಒಬ್ಬರು ರಮೇಶ್ ಶೋತಮ್. ಮದ್ರಾಸಿನವರು. 1970ರ ದಶಕದಲ್ಲಿ 'ಹ್ಯೂಮನ್ ಬಾಂಡೇಜ್' ಎಂಬ ರಾಕ್ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು. ಎಲೆಕ್ಟ್ರಿಕ್ ಗಿಟಾರ್, ಆಂಪ್ಲಿಫೈಯರ್‌ಗಳ ನಡುವೆ ಬೆಳೆದ ಡ್ರಮ್ಮರ್ ಈ ಕಾಲೇಜಿಗೆ ಬಂದು ಘಟ, ಖಂಜಿರ, ಮೋರ್ಸಿಂಗ್ ಕಲಿತರು, ಆಮೇಲೆ ಜರ್ಮನಿಯ ಕಲೋನ್‌ನಲ್ಲಿ ನೆಲೆಸಿ ಯುರೋಪಿನ ಜಾಝ್ ವಲಯದಲ್ಲಿ ದೊಡ್ಡ ಹೆಸರಾದರು. ರಾಕ್ ತಂಡ ಮುಗಿದಾಗ ಅವರ ಸಂಗೀತ ಮುಗಿಯಲಿಲ್ಲ. ಅದಕ್ಕೆ ಇನ್ನೊಂದು ಬಾಗಿಲು ತೆರೆದದ್ದು ಒಂದು ಮೃದಂಗದ ಶಾಲೆ.

ಈಗ ಮ್ಯೂನಿಕ್‌ಗೆ ಹೋಗೋಣ. 1969ರಲ್ಲಿ ಕ್ರಿಶ್ಚಿಯನ್ ಬುರ್ಖಾರ್ಡ್ ಮತ್ತು ಎಡ್ಗರ್ ಹೋಫ್‌ಮನ್ ಸೇರಿ 'ಎಂಬ್ರಿಯೊ' ಎಂಬ ತಂಡ ಕಟ್ಟಿದರು. ಬುರ್ಖಾರ್ಡ್ ಡ್ರಮ್ಸ್ ಮತ್ತು ವೈಬ್ರಫೋನ್ ನುಡಿಸುತ್ತಿದ್ದರು, ಹೋಫ್‌ಮನ್ ಸ್ಯಾಕ್ಸೊಫೋನ್ ಮತ್ತು ಪಿಟೀಲು. ಜಾಝ್, ರಾಕ್, ವಿದ್ಯುತ್ ವಾದ್ಯಗಳು, ಟೇಪಿನ ಪ್ರಯೋಗಗಳು ಎಲ್ಲವೂ ಒಂದರೊಳಗೊಂದು ಸೇರಿದ ಕಾಲ ಅದು. ಯುದ್ಧದ ನಂತರ ಹುಟ್ಟಿದ ಜರ್ಮನ್ ಹುಡುಗರಿಗೆ ಅಪ್ಪಂದಿರ ಸಂಗೀತ ಬೇಡವಾಗಿತ್ತು, ಅಮೆರಿಕದ ನಕಲೂ ಸಾಕಾಗಿತ್ತು. ಎಂಬ್ರಿಯೊದ ಮೊದಲ ಆಲ್ಬಮ್ 'ಓಪಲ್' 1970ರಲ್ಲಿ ಬಂತು. ಅಲ್ಲಿಂದ ಮುಂದೆ ಆ ತಂಡದಲ್ಲಿ ಬಂದುಹೋದ ವಾದಕರು ನೂರಾರು. ಪ್ರತಿ ಆಲ್ಬಮ್‌ಗೆ ಒಂದು ಹೊಸ ಗುಂಪು, ಪ್ರತಿ ಗುಂಪಿಗೆ ಒಂದು ಹೊಸ ನಾದ. 1976ರಲ್ಲಿ ಬೇರೆ ಕೆಲವು ತಂಡಗಳ ಜೊತೆ ಸೇರಿ ಏಪ್ರಿಲ್ ಎಂಬ ತಮ್ಮದೇ ರೆಕಾರ್ಡ್ ಸಂಸ್ಥೆ ಕಟ್ಟಿದರು. ಮುಂದೆ ಅದರ ಹೆಸರು ಷ್ನೇಬಾಲ್ ಆಯಿತು. ದೊಡ್ಡ ಕಂಪನಿಗಳ ಹಂಗಿಲ್ಲದೆ, ಸಹಕಾರಿ ಸಂಘದ ಹಾಗೆ ವಾದಕರೇ ನಡೆಸಿದ ಸಂಸ್ಥೆ.

1973ರ ಅವರ 'ವಿ ಕೀಪ್ ಆನ್' ಆಲ್ಬಮ್‌ನಲ್ಲಿ ಸ್ಯಾಕ್ಸೊಫೋನ್ ನುಡಿಸಿದವರು ಚಾರ್ಲಿ ಮರಿಯಾನೊ. ಈ ಮನುಷ್ಯನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1923ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಹುಟ್ಟಿ, ಸ್ಟಾನ್ ಕೆಂಟನ್, ಚಾರ್ಲ್ಸ್ ಮಿಂಗಸ್ ಅವರಂಥವರ ಜೊತೆ ನುಡಿಸಿ ಹೆಸರು ಮಾಡಿದವರು. 1960ರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ಅಲ್ಲಿನ ತಮಿಳರ ನಾಗಸ್ವರ ಕೇಳಿ ಮರುಳಾದರು. ಆಮೇಲೆ ದಕ್ಷಿಣ ಭಾರತಕ್ಕೂ ಬಂದು ನಾಗಸ್ವರ ಕಲಿತರು. ನಲವತ್ತು ದಾಟಿದ, ಖ್ಯಾತಿ ಬಂದ ವಾದಕನೊಬ್ಬ ಮತ್ತೆ ಶಿಷ್ಯನಾಗಿ ನೆಲದ ಮೇಲೆ ಕೂರುವುದು ಸಣ್ಣ ಮಾತಲ್ಲ. ನಮ್ಮ ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರತ್ತ ಹೋದವರು. ಮರಿಯಾನೊ ಅದೇ ದಾರಿಯಲ್ಲಿ ಎದುರುಗಡೆಯಿಂದ ನಡೆದುಬಂದರು.

1978ರಲ್ಲಿ ಎಂಬ್ರಿಯೊ ಒಂದು ಬಸ್ಸು ಹಿಡಿದು ಭಾರತಕ್ಕೆ ಹೊರಟಿತು. ವಾದ್ಯಗಳು, ಹೆಂಡತಿ ಮಕ್ಕಳು, ಕ್ಯಾಮೆರಾ ಎಲ್ಲವನ್ನೂ ತುಂಬಿಕೊಂಡು ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿದ ಯಾತ್ರೆ ಅದು. ದಾರಿಯುದ್ದಕ್ಕೂ ಸ್ಥಳೀಯ ಸಂಗೀತಗಾರರ ಜೊತೆ ನುಡಿಸುತ್ತ, ಧ್ವನಿಮುದ್ರಿಸುತ್ತ ಬಂದರು. ಅವರು ಹಾದುಹೋದ ಇರಾನಿನಲ್ಲಿ 1979ರ ಆರಂಭದಲ್ಲಿ ಕ್ರಾಂತಿಯಾಯಿತು. ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ ಬಂತು. ಯುರೋಪಿನಿಂದ ಭಾರತಕ್ಕೆ ಬಸ್ಸಿನಲ್ಲಿ ಬರುವ ಆ ದಾರಿಯೇ ಮುಚ್ಚಿಹೋಯಿತು. ಕಾಬೂಲಿನ ವಾದಕರ ಜೊತೆ ಅವರು ಹಿಡಿದಿಟ್ಟ ನಾದಕ್ಕೆ ಇವತ್ತು ಬೇರೆಯೇ ಬೆಲೆ ಇದೆ. ಈ ಪಯಣದ ಫಲವೇ 'ಎಂಬ್ರಿಯೊಸ್ ರೈಝೆ' ಎಂಬ ಜೋಡಿ ಆಲ್ಬಮ್. ವೆರ್ನರ್ ಪೆಂಟ್ಸೆಲ್ ಅವರ 'ವಾಗಬುಂಡನ್ ಕಾರವಾನೆ' ಎಂಬ ಸಾಕ್ಷ್ಯಚಿತ್ರವೂ ಆಯಿತು.

ಭಾರತದ ಈ ಯಾತ್ರೆಯ ಬೆನ್ನಿಗೇ ಕೆಸಿಪಿಯ ಸಖ್ಯ ಗಟ್ಟಿಯಾಯಿತು. ಎಂಬ್ರಿಯೊ, ಮರಿಯಾನೊ, ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮೂವರೂ ಸೇರಿದ 'ಲೈಫ್' ಎಂಬ ಆಲ್ಬಮ್ 1980ರ ಸುಮಾರಿಗೆ ಹೊರಬಂತು. ಅಲ್ಲಿಯವರೆಗೆ ಪಶ್ಚಿಮದ ತಂಡಗಳಿಗೆ ಭಾರತ ಎಂದರೆ ಸಿತಾರ್. ಹಾಡಿನ ಆರಂಭದಲ್ಲಿ ಒಂದಿಷ್ಟು ಝೇಂಕಾರ, ಹಿಂದೆ ತಂಬೂರಿ, ಧೂಪದ ವಾಸನೆ. ಎಂಬ್ರಿಯೊ ಮಾಡಿದ್ದು ಅದಲ್ಲ. ಅವರು ಲಯದ ಲೆಕ್ಕಕ್ಕೆ ಕೈಹಾಕಿದರು, ಲೆಕ್ಕ ಗೊತ್ತಿದ್ದವರನ್ನೇ ಜೊತೆಗೆ ಕೂರಿಸಿಕೊಂಡರು. ಏಳು, ಐದು, ಒಂಬತ್ತರ ನಡೆಗಳು ಜಾಝ್ ಬಲ್ಲ ಡ್ರಮ್ಮರಿಗೂ ಕಷ್ಟವೇ. ಎಣಿಸುತ್ತ ನುಡಿಸಿದರೆ ಸಂಗೀತ ಸತ್ತುಹೋಗುತ್ತದೆ. ಬಾಯಲ್ಲಿ ಸೊಲ್ಲು ಹೇಳುತ್ತ ಕಲಿತರೆ ಎಣಿಕೆ ನಾಲಗೆಯೊಳಗೆ ಇಳಿದುಬಿಡುತ್ತದೆ. ಸಾಮಾನ್ಯವಾಗಿ ಎಲ್ಲರೂ ಎಲೆಕ್ಟ್ರಾನಿಕ್ ವಾದ್ಯಗಳಿಂದ ಸಂಗೀತ ಹೊಸದಾಯಿತು ಎನ್ನುತ್ತಾರೆ. ಈ ತಂಡದ ಮಟ್ಟಿಗೆ ಕೊನ್ನಕ್ಕೋಲಿನಿಂದ ಹೊಸದಾಯಿತು ಎಂದರೆ ಹೆಚ್ಚು ಸರಿ.

ಹೊಸದಾದ ಮೇಲೆ ತಂಡ ಒಡೆಯಿತು. ಬಾಸ್ ಗಿಟಾರ್ ನುಡಿಸುತ್ತಿದ್ದ ಊವೆ ಮ್ಯುಲ್ರಿಖ್, ಕೊಳಲು ಮತ್ತು ಕೀಬೋರ್ಡಿನ ಫ್ರೀಡೊ ಯೋಶ್ ಎಂಬ್ರಿಯೊದಿಂದ ಹೊರಬಂದು, ಡ್ರಮ್ಮರ್ ಮಾರ್ಲನ್ ಕ್ಲೈನ್ ಜೊತೆ ಸೇರಿ 1981ರಲ್ಲಿ 'ಡಿಸಿಡೆಂಟನ್' ಎಂಬ ಹೊಸ ತಂಡ ಕಟ್ಟಿದರು. ಹೊಸ ತಂಡಕ್ಕೆ ಹೊಸ ಧ್ವನಿ ಬೇಕು. ಹಳೆಯ ಎಂಬ್ರಿಯೊದ ನೆರಳು ಬೀಳಬಾರದು. ಅದಕ್ಕೆ ಅವರು ನೆಚ್ಚಿಕೊಂಡದ್ದು ಬೆಂಗಳೂರಿನ ಅದೇ ಶಾಲೆಯನ್ನು. ಅವರ ಮೊದಲ ಆಲ್ಬಮ್ 'ಜರ್ಮನಿಸ್ತಾನ್', 1982, ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ. ಒಂದು ತಂಡ ಎರಡಾದಾಗ ಎರಡರ ಕೈಗೂ ಆಸರೆಯಾದದ್ದು ಒಂದೇ ಸಂಸ್ಥೆ. ಮನೆ ಪಾಲಾದರೂ ಬಾವಿ ಪಾಲಾಗುವುದಿಲ್ಲ ಎಂಬಂತೆ.

ಕಾಕತಾಳೀಯವೆಂದರೆ ಅದೇ 1982ರಲ್ಲಿ ಮುಂಬಯಿಯಲ್ಲಿ ಚರಣಜಿತ್ ಸಿಂಗ್ ಎಂಬ ಸಿನಿಮಾ ವಾದಕರು ರೋಲಾಂಡ್ ಕಂಪನಿಯ ಹೊಸ ಯಂತ್ರಗಳನ್ನು ಇಟ್ಟುಕೊಂಡು ಒಬ್ಬರೇ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಆಗ ಯಾರೂ ಆ ಕಡೆ ಕಣ್ಣೆತ್ತಿ ನೋಡಲಿಲ್ಲ. ಮೂರು ದಶಕದ ನಂತರ ಜಗತ್ತು ಅದನ್ನು ಹುಡುಕಿ ತೆಗೆಯಿತು. ಅವರು ಬಳಸಿದ 808 ಎಂಬ ತಾಳಯಂತ್ರದಲ್ಲಿ ಸಾಲಾಗಿ 16 ಗುಂಡಿ. ಯಾವ ಗುಂಡಿ ಒತ್ತಿದರೆ ಆ ಮಾತ್ರೆಗೆ ಪೆಟ್ಟು. ನಾಲ್ಕು ನಾಲ್ಕಲಿ ಹದಿನಾರು, ಲೆಕ್ಕ ಚೊಕ್ಕ. ಭಾಮಿನಿಯ ಏಳನ್ನು ಅದರಲ್ಲಿ ಕೂರಿಸಲು ಹೋದರೆ ಎರಡು ಸಲಕ್ಕೆ 14, ಇನ್ನೆರಡು ಉಳಿಯಿತು. ಆ ಎರಡನ್ನು ಕತ್ತರಿಸಿ ಹದಿನಾಲ್ಕಕ್ಕೇ ನಿಲ್ಲಿಸಬಹುದು, ಯಂತ್ರ ಬೇಡ ಎನ್ನುವುದಿಲ್ಲ. ಆದರೆ ಏಳರ ಒಳಗೆ ಮೂರು ಎಲ್ಲಿ ಮುಗಿದು ನಾಲ್ಕು ಎಲ್ಲಿ ಶುರುವಾಯಿತು, ಆ ತೂಗಾಟದಲ್ಲಿ ಎಷ್ಟು ಒತ್ತು, ಎಷ್ಟು ಸಡಿಲು ಎಂಬುದನ್ನು ಕೇಳಿಸಬೇಕಾದವನು ನುಡಿಸುವವನೇ. ಡಿಸಿಡೆಂಟನ್ ತಂಡದ ಜಾಣತನ ಇಲ್ಲಿದೆ. ವಿದ್ಯುತ್ ವಾದ್ಯಗಳನ್ನು ಬಿಡಲಿಲ್ಲ, ಅವುಗಳ ಪಕ್ಕದಲ್ಲೇ ಘಟ, ಖಂಜಿರಗಳನ್ನು ಜೀವಂತವಾಗಿ ಇಟ್ಟುಕೊಂಡರು.

ಮೂರು ವರ್ಷ ಕಳೆಯುವುದರೊಳಗೆ ಅವರು ಮತ್ತೆ ಬದಲಾದರು. ಮೊರೊಕ್ಕೊದ ಟ್ಯಾಂಜಿಯರ್‌ಗೆ ಹೋಗಿ ಅಲ್ಲಿನ ಲೆಮ್‌ಷಹೆಬ್ ಎಂಬ ಜನಪ್ರಿಯ ಗುಂಪಿನ ಜೊತೆ 'ಸಹಾರಾ ಎಲೆಕ್ಟ್ರಿಕ್' ಮಾಡಿದರು. 1984ರಲ್ಲಿ ಬಂದ ಈ ಆಲ್ಬಮ್‌ನ 'ಫಾತಾ ಮೊರ್ಗಾನಾ' ಹಾಡು ಸ್ಪೇನ್, ಇಟಲಿಯ ನೃತ್ಯಶಾಲೆಗಳಲ್ಲಿ ಮನೆಮಾತಾಯಿತು. ಅಲ್ಜೀರಿಯಾ ಮೂಲದ ಹಮೀದ್ ಬಾರೂದಿ ಗಾಯಕರಾಗಿ ಬಂದರು, ಕೆಲವು ವರ್ಷದ ನಂತರ ತಮ್ಮದೇ ದಾರಿ ಹಿಡಿದರು. 1993ರ 'ದಿ ಜಂಗಲ್ ಬುಕ್' ಮತ್ತೆ ಭಾರತದ ದನಿಗಳತ್ತ ಹೊರಳಿತು. ಆ ಹೊತ್ತಿಗೆ ಸ್ಯಾಂಪ್ಲರ್ ಬಂದಿತ್ತು. ರಸ್ತೆಯ ಸದ್ದು, ಹಾಡು, ಮಾತು ಎಲ್ಲವನ್ನೂ ತುಣುಕು ಮಾಡಿ ತಾಳದೊಳಗೆ ನೇಯುವುದು ಸಾಧ್ಯವಾಗಿತ್ತು. ಈ ತಂಡದ ಎಲ್ಲ ಅವತಾರಗಳೂ ನನಗೆ ಒಂದೇ ರೀತಿ ಇಷ್ಟವಲ್ಲ. ಸ್ಯಾಂಪ್ಲರ್ ಬಂದ ಮೇಲೆ ಎದುರಿಗೆ ಕೂತು ಉತ್ತರ ಕೊಡುವ ಮನುಷ್ಯ ಇಲ್ಲದಂತಾಗುತ್ತಾನೆ. ತುಣುಕು ಮಾಡಿಟ್ಟ ಮೃದಂಗ ಕೇಳಿದ್ದನ್ನೇ ಮತ್ತೆ ಕೇಳಿಸುತ್ತದೆ, ಪ್ರಶ್ನೆ ಕೇಳುವುದಿಲ್ಲ.

ಇದರ ಇನ್ನೊಂದು ತುದಿಗೆ ಡ್ಯುಸೆಲ್‌ಡೋರ್ಫ್‌ನ 'ಕ್ರಾಫ್ಟ್‌ವೆರ್ಕ್' ಇದೆ. 1970ರಲ್ಲಿ ರಾಲ್ಫ್ ಹ್ಯೂಟರ್, ಫ್ಲೋರಿಯನ್ ಷ್ನೈಡರ್ ಕಟ್ಟಿದ ಈ ತಂಡದ 1974ರ 'ಔಟೊಬಾನ್' ಎಲೆಕ್ಟ್ರಾನಿಕ್ ಸಂಗೀತವನ್ನು ಜಗತ್ತಿನ ಮನೆಮನೆಗೆ ಒಯ್ದಿತು. 1977ರ 'ಟ್ರಾನ್ಸ್ ಯುರೋಪ್ ಎಕ್ಸ್‌ಪ್ರೆಸ್' ಆಲ್ಬಮ್‌ನಲ್ಲಿ ರೈಲಿನ ಗಾಲಿಗಳ ಲಯವನ್ನೇ ಯಂತ್ರದಲ್ಲಿ ಕಟ್ಟಿದರು. ವಾಡಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ಅದು ಒಂದೇ ಕೇಳಿಗೆ ಅರ್ಥವಾಗುತ್ತದೆ. ವೋಲ್ಫ್‌ಗಾಂಗ್ ಫ್ಲ್ಯೂರ್ 1987ರಲ್ಲಿ ಬಿಟ್ಟರು, ಆಮೇಲೆ ಕಾರ್ಲ್ ಬಾರ್ಟೋಸ್ ಬಿಟ್ಟರು, 2008ರಲ್ಲಿ ಸ್ವತಃ ಷ್ನೈಡರ್ ಹೊರಬಂದರು. ಹ್ಯೂಟರ್ ಒಬ್ಬರೇ ಉಳಿದರು, ಹೊಸ ಮೂವರನ್ನು ನಿಲ್ಲಿಸಿಕೊಂಡು ತಂಡ ಇಂದಿಗೂ ನುಡಿಸುತ್ತಿದೆ. ಅವರು ವೇದಿಕೆಯಲ್ಲಿ ತಮ್ಮದೇ ಯಂತ್ರಮಾನವರನ್ನು ನಿಲ್ಲಿಸಿದವರು. ಮನುಷ್ಯ ಬದಲಾದರೂ ನಾದ ಬದಲಾಗಬಾರದು ಎಂಬುದು ಅವರ ಆಯ್ಕೆ. ಅದರಲ್ಲಿ ಅವರು ಗೆದ್ದಿದ್ದಾರೆ, ಆ ಗೆಲುವಿಗೆ ನನ್ನ ಗೌರವವೂ ಇದೆ. ಆದರೆ ನಮ್ಮ ಊರುಗಳ ಕೀಬೋರ್ಡಿನ ದಾದರಾ ಆ ದಾರಿಯ ಕೊನೆಯಲ್ಲಿದೆ ಎಂಬುದನ್ನೂ ಮರೆಯಲಾರೆ.

ಯಂತ್ರದ ವಿಷಯದಲ್ಲಿ ಬೆಂಗಳೂರೂ ಹಿಂದೆ ಬಿದ್ದಿರಲಿಲ್ಲ. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ರೂಪಿಸಿ, ರಾಡೆಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಆಮೇಲೆ ತಾಳ ಹಾಕುವ ಯಂತ್ರವೂ ಬಂತು. ಕಛೇರಿಯಲ್ಲಿ ಹಿಂದೆ ಕೂತು ತಂಬೂರಿ ಮೀಟುವ ಶಿಷ್ಯನ ಜಾಗವನ್ನು ಅಂಗೈಯಗಲದ ಪೆಟ್ಟಿಗೆ ತೆಗೆದುಕೊಂಡಿತು. ಮನೆಯಲ್ಲಿ ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ಅದರಿಂದ ಆದ ಉಪಕಾರ ದೊಡ್ಡದು. ಗುರು ಸಿಗದ ನಮ್ಮ ತಾಲ್ಲೂಕುಗಳಲ್ಲಂತೂ ಇನ್ನೂ ದೊಡ್ಡದು. ಅಭ್ಯಾಸಕ್ಕೆ ಯಂತ್ರ ಬೇಕು ಎಂದು ನಾನೂ ಹೇಳುತ್ತೇನೆ. ಮೇಳಕ್ಕೆ ಮನುಷ್ಯ ಬೇಕು.

ಕೆಸಿಪಿಯ ದಾರಿ ಡಿಸಿಡೆಂಟನ್, ಕ್ರಾಫ್ಟ್‌ವೆರ್ಕ್ ಎರಡಕ್ಕಿಂತಲೂ ಬೇರೆ. 'ಲೈಫ್', 'ಜರ್ಮನಿಸ್ತಾನ್'ಗಳ ಬೆನ್ನಿಗೆ, ವಿದ್ಯುತ್ ತಂಡಗಳ ಜೊತೆ ನುಡಿಸಿ ಹೆಸರು ಬಂದ ಹೊತ್ತಿನಲ್ಲಿ, ಅವರು ಪೂರ್ತಿ ತಿರುಗಿ ನಿಂತರು. 1983ರಲ್ಲಿ ಮರಿಯಾನೊ ಜೊತೆ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನ ಬಾವರ್ ಸ್ಟುಡಿಯೊದಲ್ಲಿ ಮುದ್ರಿಸಿದ 'ಜ್ಯೋತಿ' ಆಲ್ಬಮ್‌ನಲ್ಲಿ ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ, ಡ್ರಮ್ಸ್ ಕೂಡ ಇಲ್ಲ. ಮರಿಯಾನೊ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು, ರಮಾಮಣಿಯವರ ಕಂಠ ಮತ್ತು ತಂಬೂರಿ, ಮಣಿಯವರ ಮೃದಂಗ, ರಾಜಗೋಪಾಲರ ಘಟ ಮತ್ತು ಮೋರ್ಸಿಂಗ್, ಶಶಿಕುಮಾರರ ಖಂಜಿರ, ಜೊತೆಗೆ ಕೊನ್ನಕ್ಕೋಲು. ನಿರ್ಮಾಪಕ ಮ್ಯಾನ್‌ಫ್ರೆಡ್ ಐಕರ್, ಪ್ರಕಟಿಸಿದ್ದು ಅವರದೇ ಇಸಿಎಂ ಸಂಸ್ಥೆ. ಆರು ರಚನೆಗಳು. ಮೊದಲನೆಯದು ರಮಾಮಣಿಯವರ ಒಂಟಿ ಧ್ವನಿ, ಆಮೇಲೆ 'ವಂದನಂ', 'ವರ್ಷಿಣಿ', 'ಸಪ್ತರ್ಷಿ', 'ಕಾರ್ತಿಕ್', ಕೊನೆಗೆ 'ಭಜನ್'.

ಇದನ್ನು ಕೇಳುವಾಗ ಗಮನಿಸಬೇಕಾದದ್ದು ಸ್ಯಾಕ್ಸೊಫೋನ್ ಯಾವಾಗ ಸುಮ್ಮನಾಗುತ್ತದೆ ಎಂಬುದನ್ನು. ಮರಿಯಾನೊ ಅಷ್ಟು ದೊಡ್ಡ ಹೆಸರಿನ ವಾದಕ, ಆಲ್ಬಮ್‌ನ ಮುಖಪುಟದ ಮೊದಲ ಹೆಸರೂ ಅವರದೇ. ಆದರೂ ರಮಾಮಣಿ ಸ್ವರ ಎತ್ತಿಕೊಂಡಾಗ ಅವರು ಹಿಂದೆ ಸರಿಯುತ್ತಾರೆ, ಬಾಯಿಯ ಸೊಲ್ಲುಗಳು ಮುಂದೆ ಬಂದಾಗ ಅವುಗಳಿಗೆ ಜಾಗ ಬಿಡುತ್ತಾರೆ. ಜಾಗ ಬಿಟ್ಟ ಮೇಲೆ ಮತ್ತೆ ಸೇರಿಕೊಳ್ಳಲು ಅವರಿಗೆ ಸಮ ಗೊತ್ತಿರಬೇಕು. ನಾಗಸ್ವರ ಕಲಿಯಲು ಕೂತ ದಿನಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ರಮಾಮಣಿಯವರ ಹಾಡುಗಾರಿಕೆಯಲ್ಲೂ ಒಂದು ಧೈರ್ಯವಿದೆ. ಸಾಹಿತ್ಯದ ಆಸರೆಯಿಲ್ಲದೆ, ಸ್ವರ ಮತ್ತು ನಾದದಿಂದಲೇ ವಾದ್ಯದ ಹಾಗೆ ಹಾಡುತ್ತಾರೆ, ರಾಗ ಮಾತ್ರ ಎಲ್ಲೂ ಕೆಡುವುದಿಲ್ಲ. ಲೂಯಿ ಬ್ಯಾಂಕ್ಸ್ ಅವರಂಥ ಭಾರತದ ಜಾಝ್ ದಿಗ್ಗಜರ ಜೊತೆಯೂ ಅವರು ಹಾಡಿದರು. ನಮ್ಮ ಸಂಗೀತ ಸಭೆಗಳು ಅವರನ್ನು ಇನ್ನಷ್ಟು ಸಂಭ್ರಮಿಸಬೇಕಾಗಿತ್ತು.

ಮರಿಯಾನೊ ಮತ್ತು ಕಾಲೇಜಿನ ನಂಟು ಒಂದು ಆಲ್ಬಮ್‌ಗೆ ಮುಗಿಯಲಿಲ್ಲ. ಒಂದೂವರೆ ದಶಕದ ನಂತರ, 1998ರಲ್ಲಿ, 'ಬ್ಯಾಂಗಲೋರ್' ಎಂಬ ಹೆಸರಿನಲ್ಲೇ ಅವರ ಇನ್ನೊಂದು ಆಲ್ಬಮ್ ಬಂತು. ಅಷ್ಟರಲ್ಲಿ ಎಂಬ್ರಿಯೊ ಎಷ್ಟು ಸಲ ಬದಲಾಗಿತ್ತು, ಡಿಸಿಡೆಂಟನ್ ಎಷ್ಟು ದೇಶ ಸುತ್ತಿತ್ತು! ಶಾಲೆ ಮಾತ್ರ ಅಲ್ಲೇ ಇತ್ತು. ವಿದ್ಯಾರ್ಥಿಗಳು ಬರುತ್ತಿದ್ದರು, ಹೋಗುತ್ತಿದ್ದರು. ಬೆಂಗಳೂರಿನ ಮಕ್ಕಳು, ಯುರೋಪಿನ ಡ್ರಮ್ಮರುಗಳು, ಎಲ್ಲರಿಗೂ ಮೊದಲ ಪಾಠ ತಕಧಿಮಿ. ಹೊಸ ಸಂಗೀತ ಬೇಕೆಂದು ಬಂದವರಿಗೆ ಈ ಶಾಲೆ ಹೊಸದನ್ನು ಕೊಡಲಿಲ್ಲ, ಹಳೆಯ ಲೆಕ್ಕವನ್ನು ಗಟ್ಟಿಯಾಗಿ ಕೊಟ್ಟಿತು. ಹೊಸದನ್ನು ಅವರು ತಾವೇ ಕಟ್ಟಿಕೊಂಡರು. ತಂಡದ ನಾದ ಯಾರೋ ಒಬ್ಬನ ಬೆರಳಲ್ಲಿದ್ದರೆ ಅವನ ಜೊತೆ ಹೋಗುತ್ತದೆ. ಕಲಿಸುವ ಪಾಠದಲ್ಲಿದ್ದರೆ ಮುಂದಿನವನು ಬಂದು ಕೂರುವವರೆಗೆ ಕಾಯುತ್ತದೆ.

ನಮ್ಮ ಐದು ಊರುಗಳಲ್ಲಿ ಕಲಾವಿದರಿಗೆ ಬರವಿಲ್ಲ. 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂದ ಮೇಲೆ ಈ ಭಾಗದ ತತ್ವಪದಕಾರರು, ಜನಪದ ಹಾಡುಗಾರರು ಮೈಕಿನ ಮುಂದೆ ನಿಂತರು, ಊರಾಚೆಗೂ ಕೇಳಿಸಿದರು. ಕನ್ನಡ, ಉರ್ದು, ತೆಲುಗು ಮೂರೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುವ ನೆಲ ಇದು. ಇಲ್ಲಿ ಕೊರತೆ ಇರುವುದು ನಿತ್ಯ ಸಂಜೆ ಬಾಗಿಲು ತೆರೆದಿರುವ, ಲಯವನ್ನೇ ಮುಖ್ಯ ವಿಷಯವಾಗಿ ಕಲಿಸುವ ಒಂದು ಕೋಣೆಯದು. ದಮ್ಮಡಿಯ ಕೈ, ಹಲಗೆಯ ಕೈ, ತಬಲಾದ ಕೈ ಮೂರನ್ನೂ ಒಟ್ಟಿಗೆ ಕೂರಿಸಿ ಬಾಯಿಪಾಠ ಮಾಡಿಸಿದರೆ ಏನು ಹುಟ್ಟೀತು ಎಂಬ ಆಸೆ ನನಗಿದೆ. ಕೊನ್ನಕ್ಕೋಲಿಗೆ ವಾದ್ಯ ಬೇಡ, ಕರೆಂಟೂ ಬೇಡ.

ಮರಿಯಾನೊ 2009ರಲ್ಲಿ ಕಲೋನ್‌ನಲ್ಲಿ ತೀರಿಕೊಂಡರು. ಬುರ್ಖಾರ್ಡ್ 2018ರಲ್ಲಿ ಹೋದರು, ಮಣಿಯವರು 2020ರಲ್ಲಿ. ಎಂಬ್ರಿಯೊವನ್ನು ಈಗ ಬುರ್ಖಾರ್ಡ್ ಅವರ ಮಗಳು ಮಾರ್ಯಾ ನಡೆಸುತ್ತಿದ್ದಾರೆ, ತಂಡ ಹೊಸ ವಾದಕರೊಂದಿಗೆ ಮತ್ತೊಂದು ಸಲ ಹೊಸದಾಗಿದೆ.

ಈ ಸಂಗೀತವನ್ನು ಇದುವರೆಗೆ ಕೇಳದವರು 'ಜ್ಯೋತಿ'ಯಿಂದ ಶುರುಮಾಡಬೇಕು, ಅದೂ 'ವಂದನಂ' ರಚನೆಯಿಂದ. ನಮ್ಮ ಕಿವಿಗೆ ಅದು ತಕ್ಷಣ ಹತ್ತಿರವಾಗುತ್ತದೆ. ಅದು ಒಗ್ಗಿದ ಮೇಲೆ 'ಲೈಫ್' ಕೇಳಬಹುದು. ವಿದ್ಯುತ್ ವಾದ್ಯಗಳ ಒರಟುತನ ಅಲ್ಲಿ ಮೊದಲಿಗೆ ಸ್ವಲ್ಪ ಕಿವಿ ಚುಚ್ಚೀತು. 'ಜರ್ಮನಿಸ್ತಾನ್' ಅನ್ನು ಕೊನೆಗೆ ಇಟ್ಟುಕೊಳ್ಳಿ. ಕೇಳುವಾಗ ಕೈಯಲ್ಲಿ ತಾಳ ಹಾಕುತ್ತಿರಿ. ಜರ್ಮನರು ಎಲ್ಲಿ ಬೆಂಗಳೂರಿನವರ ಹಿಂದೆ ಹೋಗುತ್ತಿದ್ದಾರೆ, ಎಲ್ಲಿ ಮುಂದೆ ನಡೆಯುತ್ತಿದ್ದಾರೆ ಎಂಬುದು ನಿಮ್ಮ ಕೈಗೇ ತಿಳಿಯುತ್ತದೆ.